ಉತ್ತರ ಧ್ರುವದಲ್ಲಿ ಅಜೋಲ್ಲಾ!

ಮಕ್ಕಳೇ, ದನಗಳ ಮೇವಿಗೆಂದು ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲಾವನ್ನು ನೀವು ನೋಡಿರಬಹುದು. ನಿಂತ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ ಅದು. ಇದರ ಪೂರ್ವಜರು ಒಮ್ಮೆ ಉತ್ತರ ಧ್ರುವದ ಆರ್ಕ್ಟಿಕ್ ಸಾಗರದ ಮೇಲೆ ಬೆಳೆದಿದ್ದವು ಎಂದರೆ ನಂಬುವಿರಾ?

ತಿಳಿದದ್ದು ಹೇಗೆ?
2004ರಲ್ಲಿ ವಿಜ್ಞಾನಿಗಳು ಮೂರು ಹಡಗುಗಳಲ್ಲಿ ಧ್ರುವದ ಸಮೀಪಕ್ಕೆ ಹೋದರು. ಎರಡು ಹಡಗುಗಳು ಮಂಜುಗಡ್ಡೆಯನ್ನು ಒಡೆಯುತ್ತಿದ್ದವು. ಮೂರನೆಯದು ಸಾಗರದ ತಳವನ್ನು 400 ಮೀಟರಿಗೂ ಹೆಚ್ಚು ಆಳ ಕೊರೆದು, ಕೆಸರಿನ ಪದರಗಳನ್ನು ಮೇಲೆ ತಂದಿತು. ಸುಮಾರು 4.9 ಕೋಟಿ ವರ್ಷ ಹಳೆಯ ಪದರದಲ್ಲಿ ಅಜೋಲ್ಲಾದ ಅವಶೇಷಗಳು ಹೇರಳವಾಗಿದ್ದವು. ಅಜೋಲ್ಲಾ ಉಪ್ಪುನೀರಿನಲ್ಲಿ ಬೆಳೆಯದು. ಹಾಗಾದರೆ ಆಗ ಸಾಗರದ ಮೇಲೆ ಹಗುರವಾದ ಸಿಹಿನೀರಿನ ಪದರ ತೇಲುತ್ತಿದ್ದಿರಬೇಕು.

ಇನ್ನೂ ಹಳೆಯದಾದ, ಸುಮಾರು 5.6 ಕೋಟಿ ವರ್ಷಗಳ ಹಿಂದಿನ ಪದರ ಮತ್ತೊಂದು ಅಚ್ಚರಿ ತೋರಿಸಿತು. ಆಗ ಅಲ್ಲಿನ ಮೇಲ್ಮೈ ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿತ್ತು! ಆ ಬೆಚ್ಚನೆಯ ಯುಗದಲ್ಲಿ ಧ್ರುವಕ್ಕೆ ಹತ್ತಿರದ ಎಲ್ಸ್‌ಮಿಯರ್ ದ್ವೀಪದಲ್ಲಿ (ಇಂದಿನ ಕೆನಡಾ) ಆಮೆಗಳೂ ಮೊಸಳೆಯ ಬಳಗದ ಆಲಿಗೇಟರ್‌ಗಳೂ ಇದ್ದವು.

ಅಷ್ಟು ಬಿಸಿ ಏಕೆ?
ಆಗ ವಾಯುಮಂಡಲದಲ್ಲಿ ಕಾರ್ಬನ್ ಡೈಆಕ್ಸೈಡ್ ಇಂದಿಗಿಂತ ಹೆಚ್ಚಿತ್ತು. ಅದು ಭೂಮಿಯ ಶಾಖವನ್ನು ಹೊರಹೋಗಲು ಬಿಡದೆ ತಡೆಯುತ್ತಿತ್ತು. ಇದರ ಜೊತೆಗೆ ಮಂಜುಗಡ್ಡೆ ಇಲ್ಲದ್ದೂ ಒಂದು ಕಾರಣ. ಸಮುದ್ರದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 50ರಿಂದ 70ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ತೆರೆದ ಸಮುದ್ರ ಪ್ರತಿಫಲಿಸುವುದು ಶೇಕಡಾ 6ರಷ್ಟು ಮಾತ್ರ, ಉಳಿದದ್ದನ್ನು ಹೀರಿಕೊಳ್ಳುತ್ತದೆ. ಧ್ರುವದಲ್ಲಿ ಬೇಸಿಗೆಯ ಸೂರ್ಯ ತಿಂಗಳುಗಟ್ಟಲೆ ಮುಳುಗುವುದಿಲ್ಲ. ಆಗ ಹೀರಿಕೊಂಡ ಶಾಖವನ್ನು ಸಮುದ್ರ ಚಳಿಗಾಲದಲ್ಲಿ ನಿಧಾನವಾಗಿ ಗಾಳಿಗೆ ಬಿಡುತ್ತದೆ. ಮಂಜುಗಡ್ಡೆ ಇದ್ದರೆ ಪಾತ್ರೆಯ ಮುಚ್ಚಳದಂತೆ ಆ ಶಾಖವನ್ನು ಒಳಗೇ ತಡೆಯುತ್ತದೆ. ಮುಚ್ಚಳವೇ ಇಲ್ಲದಿದ್ದರೆ ಗಾಳಿಯೂ ಬೆಚ್ಚಗಾಗಿ, ಹೊಸ ಮಂಜುಗಡ್ಡೆ ಕಟ್ಟುವುದು ಕಷ್ಟವಾಗುತ್ತದೆ.

ಇಂದಿಗೆ ಏನು ಸಂಬಂಧ?
ಉಪಗ್ರಹಗಳು 1979ರಿಂದ ಆರ್ಕ್ಟಿಕ್ ಮಂಜುಗಡ್ಡೆಯನ್ನು ಅಳೆಯುತ್ತಿವೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಅದು ಸುಮಾರು 69 ಲಕ್ಷ ಚದರ ಕಿ.ಮೀ. ಇತ್ತು. 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು. ಪ್ರಾಚೀನ ಕಾಲದ ಬದಲಾವಣೆಗೆ ಸಾವಿರಾರು ವರ್ಷ ಹಿಡಿದಿತ್ತು. ಇಂದು ನಾವು ಕಲ್ಲಿದ್ದಲು, ಪೆಟ್ರೋಲ್ ಉರಿಸುವುದರಿಂದ ಕೆಲವೇ ದಶಕಗಳಲ್ಲಿ ಇಷ್ಟು ಮಂಜುಗಡ್ಡೆ ಕರಗಿದೆ.

ಮಾಡಿ ನೋಡಿ
ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು ಕಾಗದ ಸುತ್ತಿ, ಒಂದು ಗಂಟೆ ಬಿಸಿಲಿನಲ್ಲಿಡಿ. ಯಾವ ನೀರು ಹೆಚ್ಚು ಬಿಸಿಯಾಯಿತು? ಧ್ರುವದ ಮಂಜುಗಡ್ಡೆ ಯಾವ ಲೋಟದಂತೆ, ತೆರೆದ ಸಮುದ್ರ ಯಾವುದರಂತೆ? ಚರ್ಚಿಸಿ ಬರೆಯಿರಿ.