ಗೂಡಿನೊಳಗೆ ಕೂತ ಲೆನ್ಸ್: ಚಿತ್ರದಲ್ಲಿ ಕಟ್ಟಡ ನೆಟ್ಟಗೆ ನಿಲ್ಲುವುದು ಹೇಗೆ?

ದಿನವೂ ನಮ್ಮ ಕೈಯಲ್ಲಿ ಓಡಾಡುವ ಹೊಸ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ರಥದ ಮೇಲೆ ಗೋಪುರವಿಲ್ಲ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ಆ ಚಿತ್ರ ಇಲ್ಲದಿದ್ದರೆ ಅಲ್ಲೊಂದು ಗೋಪುರವಿತ್ತು ಎಂದು ಹೇಳಿದರೆ ಯಾರು ನಂಬುತ್ತಿದ್ದರು? ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸುತ್ತಾರೆ. ಹಳೆಯ ಕಟ್ಟಡಕ್ಕೆ ಚಿತ್ರವೇ ವೋಚರ್.

1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಬಿದ್ದಿದೆ, ಯಾವುದು ಉಳಿದಿದೆ ಎಂದು ತಿಳಿಯುತ್ತದೆ. ಆದರೆ ಹೀಗೆ ಹೋಲಿಸಬೇಕಾದರೆ ಚಿತ್ರದಲ್ಲಿ ಕಟ್ಟಡದ ಆಕಾರ ಸರಿಯಾಗಿರಬೇಕು. ತೊಂದರೆ ಇರುವುದು ಇಲ್ಲಿಯೇ.

ಇಟಗಿಯ ಮಹಾದೇವ ದೇವಾಲಯ ನಮ್ಮ ಜಿಲ್ಲೆಯ ಹೆಮ್ಮೆ. 1112ರ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಅದರ ಹತ್ತಿರ ನಿಂತು, ಶಿಖರ ಕಾಣಲೆಂದು ಮೊಬೈಲನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಮೇಲೆ ಹೋದಂತೆ ಒಂದಕ್ಕೊಂದು ವಾಲಿ, ಗುಡಿ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಚಿತ್ರ ಮೂಡುವ ಫಲಕ ಗೋಡೆಗೆ ಸಮಾಂತರವಾಗಿ ಉಳಿಯದಿರುವುದೇ ಇದಕ್ಕೆ ಕಾರಣ.

ಕತ್ತಲ ಕೋಣೆಗೆ ಸಣ್ಣ ರಂಧ್ರದಿಂದ ಬೆಳಕು ಬರುವ ಬಗೆಯನ್ನು ಸಾವಿರ ವರ್ಷದ ಹಿಂದೆ ಇಬ್ನುಲ್ ಹೈಸಮ್ ಅವರು ಪ್ರಯೋಗ ಮಾಡಿ ವಿವರಿಸಿದ್ದರು. ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಅಂಥದೇ ಒಂದು ಕತ್ತಲ ಪೆಟ್ಟಿಗೆ. ಮುಂದೊಂದು ಚೌಕಟ್ಟು, ಅದರಲ್ಲಿ ಲೆನ್ಸ್ ಕೂರಿಸಿದ ಹಲಗೆ. ಹಿಂದೊಂದು ಚೌಕಟ್ಟು, ಅದರಲ್ಲಿ ಮಸುಕು ಗಾಜು. ಚಿತ್ರ ತೆಗೆಯುವಾಗ ಅಲ್ಲಿಗೆ ಫಿಲ್ಮ್ ಬರುತ್ತದೆ. ನಡುವೆ ಹಾರ್ಮೋನಿಯಂನದರಂತೆ ಮಡಿಕೆ ಮಡಿಕೆಯಾದ ತಿದಿ. ಇದರ ದೊಡ್ಡ ಗುಣವೆಂದರೆ, ಕ್ಯಾಮೆರಾವನ್ನು ಓರೆ ಮಾಡದೆ ಮುಂದಿನ ಚೌಕಟ್ಟನ್ನು ಮಾತ್ರ ಮೇಲಕ್ಕೆ ಏರಿಸಬಹುದು. ಫಿಲ್ಮ್ ಗೋಡೆಗೆ ಸಮಾಂತರವಾಗಿಯೇ ಇರುತ್ತದೆ, ಶಿಖರವೂ ಚಿತ್ರದೊಳಗೆ ಬರುತ್ತದೆ, ಗೋಡೆ ನೆಟ್ಟಗೆ ನಿಲ್ಲುತ್ತದೆ.

ಇನ್ನು ವೈಡ್ ಆಂಗಲ್ ಲೆನ್ಸ್ ಏಕೆ ಬೇಕು? 4×5 ಇಂಚಿನ ಫಿಲ್ಮಿನಲ್ಲಿ ಚಿತ್ರ ಮೂಡುವ ಉದ್ದ ಸುಮಾರು 120 ಮಿ.ಮೀ. ಇದಕ್ಕೆ ಸಾಮಾನ್ಯ ಲೆನ್ಸಿನ ಸಂಗಮದೂರ 150 ಮಿ.ಮೀ. ಈ ಲೆನ್ಸಿನಲ್ಲಿ 24 ಮೀಟರ್ ಅಗಲದ ಕಟ್ಟಡ ಪೂರ್ತಿ ಬರಬೇಕಾದರೆ 30 ಮೀಟರ್ ಹಿಂದೆ ಸರಿಯಬೇಕು. 65 ಮಿ.ಮೀ. ಲೆನ್ಸಾದರೆ 13 ಮೀಟರ್ ಸಾಕು. ಆನೆಗೊಂದಿಯ ಓಣಿಯಲ್ಲಿ 30 ಮೀಟರ್ ಹಿಂದೆ ಸರಿಯಲು ಹೋದರೆ ಯಾರದೋ ಮನೆಯ ಅಡುಗೆಕೋಣೆಯಲ್ಲಿ ನಿಲ್ಲಬೇಕಾದೀತು!

ಆದರೆ ಸಂಗಮದೂರ ಕಡಿಮೆಯಾದಷ್ಟೂ ಲೆನ್ಸ್ ಫಿಲ್ಮಿಗೆ ಹತ್ತಿರ ಬರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಮಸೂರದ ಸೂತ್ರ ನೆನಪಿಸಿಕೊಳ್ಳಿ: ವಸ್ತು ಬಹಳ ದೂರವಿದ್ದರೆ ಬಿಂಬ ಸಂಗಮದೂರದಲ್ಲೇ ಮೂಡುತ್ತದೆ. 65 ಮಿ.ಮೀ. ಲೆನ್ಸೊಂದರಲ್ಲಿ ಹಲಗೆಯಿಂದ ಫಿಲ್ಮಿಗೆ 70 ಮಿ.ಮೀ. ಅಂತರ ಬೇಕು ಎಂದಿಟ್ಟುಕೊಳ್ಳೋಣ. ಕ್ಯಾಮೆರಾದ ಎರಡು ಚೌಕಟ್ಟುಗಳು ತಿದಿ ಪೂರ್ತಿ ಮಡಚಿದರೂ 75 ಮಿ.ಮೀ.ಗಿಂತ ಹತ್ತಿರ ಬರುವುದಿಲ್ಲ. ಆಗ ದೂರದ ಕಟ್ಟಡ ಸ್ಪಷ್ಟವಾಗಿ ಮೂಡುವುದೇ ಇಲ್ಲ. ಹೇಗೋ ಮೂಡಿತು ಎಂದರೂ, ಒತ್ತಿ ಕೂತ ತಿದಿ ಚೌಕಟ್ಟನ್ನು ಮೇಲೆ ಏರಲು ಬಿಡುವುದಿಲ್ಲ. ದೊಡ್ಡ ಕ್ಯಾಮೆರಾ ತಂದ ಉದ್ದೇಶವೇ ಹಾಳಾಗುತ್ತದೆ.

ಇದಕ್ಕೆ ಉಪಾಯವೇ ಒಳಗೆ ತಗ್ಗಿದ ಲೆನ್ಸ್ ಹಲಗೆ. ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡುವ ಗೂಡು ಇರುತ್ತದಲ್ಲ, ಹಾಗೆ ಹಲಗೆಯ ನಡುಭಾಗ ಫಿಲ್ಮಿನ ಕಡೆಗೆ ತಗ್ಗಿರುತ್ತದೆ. ಲೆನ್ಸ್ ಆ ಗೂಡಿನ ತಳದಲ್ಲಿ ಕೂರುತ್ತದೆ. ಲೆಕ್ಕ ಸುಲಭ:

ಚೌಕಟ್ಟುಗಳ ಅಂತರ = ಲೆನ್ಸಿಗೆ ಬೇಕಾದ ಅಂತರ + ಗೂಡಿನ ಆಳ

ಗೂಡು 20 ಮಿ.ಮೀ. ಆಳವಿದ್ದರೆ 70 + 20 = 90. ಲೆನ್ಸ್ ತನ್ನ 70ರಲ್ಲೇ ಇದೆ, ಚೌಕಟ್ಟುಗಳು 90ರಲ್ಲಿ ಆರಾಮಾಗಿ ನಿಂತಿವೆ. ತಿದಿಗೆ 15 ಮಿ.ಮೀ. ಸಡಿಲ ಸಿಕ್ಕಿತು. ಹಲಗೆ ಲೆನ್ಸಿನ ಗುಣವನ್ನು ಬದಲಿಸುವುದಿಲ್ಲ, ಚೌಕಟ್ಟು ಅಲುಗಾಡಲು ಜಾಗ ಮಾಡಿಕೊಡುತ್ತದೆ, ಅಷ್ಟೇ. ಹಾಗೆಂದು ಗೂಡು ತೀರಾ ಆಳವಾಗಿದ್ದರೆ ಬೆರಳು ಒಳಗೆ ಹೋಗದು, ಗೂಡಿನ ಅಂಚು ಚಿತ್ರದ ಮೂಲೆಗೆ ಬರುವ ಬೆಳಕನ್ನೂ ತಡೆಯಬಹುದು. ಇದರ ಜೊತೆಗೆ ಮಡಿಕೆಯ ತಿದಿಯ ಬದಲು ಚೀಲದಂತಹ ಮೆತ್ತನೆಯ ತಿದಿ ಹಾಕಿದರೆ ಇನ್ನೂ ಅನುಕೂಲ.

ಜೋಡಿಸುವ ಕ್ರಮ ಹೀಗಿದೆ:

1. ಮೊದಲು ಹಲಗೆಯ ರಂಧ್ರ ಅಳೆಯಬೇಕು. ಕೊಪಾಲ್ 0 ಶಟರಿಗೆ ಸುಮಾರು 34.6 ಮಿ.ಮೀ., ಕೊಪಾಲ್ 1ಕ್ಕೆ ಸುಮಾರು 41.6 ಮಿ.ಮೀ. ಬೇಕು.
2. ಲೆನ್ಸಿನ ಹಿಂಭಾಗದ ಗಾಜಿನ ಜೋಡಣೆಯನ್ನು ಕೈಯಿಂದ ತಿರುಗಿಸಿ ಬಿಚ್ಚಿ, ಮೆತ್ತನೆಯ ಬಟ್ಟೆಯ ಮೇಲಿಡಬೇಕು. ತೆಳು ಬಳೆಯೇನಾದರೂ ಸಿಕ್ಕರೆ ಅದು ಇದ್ದಲ್ಲಿಗೇ ಮರಳಬೇಕು.
3. ಶಟರನ್ನು ಮುಂದಿನಿಂದ ಗೂಡಿನೊಳಗೆ ಇಳಿಸಿ, ಹಿಂದಿನಿಂದ ಹಿಡಿಬಳೆಯನ್ನು ಸ್ಪ್ಯಾನರಿನಿಂದ ಬಿಗಿಯಬೇಕು. ಅತಿಯಾಗಿ ಬಿಗಿಯಬಾರದು.
4. ಹಿಂಭಾಗದ ಗಾಜನ್ನು ಮತ್ತೆ ಜೋಡಿಸಬೇಕು. ಅದು ಮುಂದಿನ ಚೌಕಟ್ಟಿನ ಬಾಯಲ್ಲಿ ತೂರುತ್ತದೆಯೇ ಎಂದೂ ನೋಡಬೇಕು.
5. ಕೇಬಲ್ ರಿಲೀಸನ್ನು ಹಲಗೆ ಕ್ಯಾಮೆರಾಗೆ ಏರುವ ಮೊದಲೇ ಸಿಕ್ಕಿಸಬೇಕು. ಆಮೇಲೆ ಕೈ ಹೋಗುವುದು ಕಷ್ಟ.

ಈ ಕ್ಯಾಮೆರಾ ಇಲ್ಲದೆಯೂ ತತ್ವವನ್ನು ಪರೀಕ್ಷಿಸಬಹುದು. ನಾನು ಮಾಡಿದ್ದು ಹೀಗೆ. 10 ಸೆಂ.ಮೀ. ಸಂಗಮದೂರದ ಭೂತಗನ್ನಡಿ, ಒಂದರೊಳಗೊಂದು ಜಾರುವ ಎರಡು ರಟ್ಟಿನ ಡಬ್ಬಿ, ಪರದೆಗೆ ಬೆಣ್ಣೆ ಕಾಗದ. ಡಬ್ಬಿಗಳನ್ನು ಎಷ್ಟು ಒತ್ತಿದರೂ ಗಾಜಿಗೂ ಪರದೆಗೂ 12 ಸೆಂ.ಮೀ. ಅಂತರ ಉಳಿಯುವಂತೆ ಇಟ್ಟಿದ್ದೆ. ಎದುರಿನ ಬೇವಿನಮರ ಮಸುಕಾಗಿಯೇ ಇತ್ತು. ಆಮೇಲೆ ಭೂತಗನ್ನಡಿಯನ್ನು 4 ಸೆಂ.ಮೀ. ಆಳದ ಸಣ್ಣ ರಟ್ಟಿನ ಗೂಡಿನ ತಳಕ್ಕೆ ಅಂಟಿಸಿ, ಗೂಡನ್ನು ಒಳಮುಖವಾಗಿ ಕೂರಿಸಿದೆ. ಡಬ್ಬಿಗಳು 14 ಸೆಂ.ಮೀ. ಅಂತರಕ್ಕೆ ಬಂದಾಗ ಮರ ತಲೆಕೆಳಗಾಗಿ, ಎಲೆ ಎಲೆಯಾಗಿ ಮೂಡಿತು. ಮಾಡುವವರು ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ.

ಮೊಬೈಲಿನಲ್ಲೂ ಇದೇ ತತ್ವ ಉಪಯೋಗಕ್ಕೆ ಬರುತ್ತದೆ. ವೈಡ್ ಲೆನ್ಸ್ ಆರಿಸಿ, ಮೊಬೈಲನ್ನು ಓರೆ ಮಾಡದೆ ಗೋಡೆಗೆ ಸಮಾಂತರವಾಗಿ ನೆಟ್ಟಗೆ ಹಿಡಿದು ತೆಗೆಯಿರಿ. ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿ. ಲೆನ್ಸನ್ನು ಮೇಲೆ ಏರಿಸಿದಷ್ಟೇ ಫಲ ಸಿಗುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಊರೂರುಗಳಲ್ಲಿ ಹಳೆಯ ಅಗಸಿ, ಬಾವಿ, ಮಸೀದಿ, ದರ್ಗಾ, ಗುಡಿಗಳಿವೆ. ಸುಣ್ಣ ಬಳಿಯುವ ಮೊದಲು, ರಸ್ತೆ ಅಗಲ ಮಾಡುವ ಮೊದಲು ಒಂದೊಂದು ನೆಟ್ಟನೆಯ ಚಿತ್ರ ತೆಗೆದಿಡೋಣ. ಕೆಳಗೆ ಊರು, ತಾರೀಖು, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆವು ಎಂದು ಬರೆಯೋಣ. ತಾರೀಖಿಲ್ಲದ ವೋಚರನ್ನು ನಮ್ಮ ಮೇಷ್ಟ್ರು ಒಪ್ಪುವುದಿಲ್ಲ.