ಹಿಂಗಾರಿನ ಕಟಾವು, ಕೂಳೆಯ ಲೆಕ್ಕ

ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ತೊಡಗುವುದು ದೀಪಾವಳಿಯ ಆಸುಪಾಸಿಗೆ. ಆ ಹೊತ್ತಿಗೆ ಅಲ್ಲಿ ಮಳೆ ಹೆಚ್ಚುಕಡಿಮೆ ಹಿಂದೆ ಸರಿದಿರುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರದ ಕತೆ ಬೇರೆ. ಇಲ್ಲಿ ಜೂನ್, ಜುಲೈಗೇ ಹಂಗಾಮು ಶುರು. ಹಾಗಾಗಿ ಕಟಾವು ಭರದಲ್ಲಿ ಸಾಗುತ್ತಿರುವಾಗಲೇ ಹಸ್ತ, ಚಿತ್ತ, ಸ್ವಾತಿ, ವಿಶಾಖ ಮಳೆಗಳು ಒಂದರ ಹಿಂದೆ ಒಂದು ಬಂದು ಗದ್ದೆಯಲ್ಲಿ ಕೂರುತ್ತವೆ. ರಾಗಿಯವನಿಗೆ ಆ ಮಳೆಯಲ್ಲಿ ಒಂದೆರಡು ಬೇಕು. ಕಬ್ಬು ಕಡಿಸುವವರಿಗೆ ಒಂದೂ ಬೇಡ.

ನನ್ನ ತವರು ತಿ.ನರಸೀಪುರದ ಕಡೆ, ನಾಲೆ ಕೆಳಗಿನ ಎರೆಭೂಮಿ. ಕೊಟ್ಟ ಮನೆ ನಂಜನಗೂಡು ತಾಲ್ಲೂಕು, ಮರಳು ಬೆರೆತ ಕೆಂಪು ನೆಲ. ಎರಡೂ ಕಡೆಯ ಕಬ್ಬನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದರಿಂದ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಮಳೆಯಲ್ಲಿ ಕಡಿಸಿದ ಕಬ್ಬಿನ ನಷ್ಟವನ್ನು ಜನ ಆ ವರ್ಷದ ಬಿಲ್ಲಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದು ಅಲ್ಪಸ್ವಲ್ಪ, ದೊಡ್ಡ ಪಾಲು ಮುಂದಿನ ವರ್ಷದ ಕೂಳೆಯಲ್ಲಿ ಸಿಗುತ್ತದೆ.

ನಮ್ಮಲ್ಲಿ ನೀರಿನ ಭಯ ಎರಡು ಬಗೆ. ಒಂದು ಹೊಳೆಯದು. ವಯನಾಡಿನಲ್ಲಿ ಸುರಿದರೆ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬುತ್ತದೆ. 19.52 ಟಿಎಂಸಿಯ ಸಣ್ಣ ಅಣೆಕಟ್ಟು, 2284 ಅಡಿ ಮುಟ್ಟಿದರೆ ಬಂದ ನೀರನ್ನು ಬಂದ ಹಾಗೇ ಬಿಡದೆ ಗತಿಯಿಲ್ಲ. 2018ರಲ್ಲೂ 2019ರ ಆಗಸ್ಟ್‌ನಲ್ಲೂ ಹಾಗೇ ಆಯಿತು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಹತ್ತಿರ ಮೈಸೂರು–ಊಟಿ ರಸ್ತೆಯ ಮೇಲೆ ನೀರು ಹರಿಯಿತು. ಕಪಿಲೆ ಎಂದೂ ಕರೆಯುವ ಈ ಕಬಿನಿ ಹೊಳೆ ಕಾವೇರಿಯನ್ನು ಸೇರುವುದು ತಿ.ನರಸೀಪುರದಲ್ಲಿ, ಎರಡೂ ಒಟ್ಟಿಗೆ ಉಕ್ಕಿದರೆ ಸಂಗಮದ ಸುತ್ತಿನ ತಗ್ಗು ಗದ್ದೆಗಳ ಪಾಡು ಕೇಳಬೇಕಿಲ್ಲ. ಆದರೂ ಹೊಳೆನೀರು ಬಂದಷ್ಟೇ ಬೇಗ ಇಳಿಯುತ್ತದೆ, ಬಲಿತು ನಿಂತ ಕಬ್ಬು ಕೆಲವು ದಿನ ತಡೆದುಕೊಳ್ಳುತ್ತದೆ. ಇನ್ನೊಂದು ಹಿಂಗಾರಿನ ಭಯ. ಅದು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಸಂಜೆಗೊಂದು ಮಳೆ, ಬೆಳಿಗ್ಗೆ ಮೋಡ, ಮಣ್ಣು ವಾರಗಟ್ಟಲೆ ಆರುವುದೇ ಇಲ್ಲ. 2021ರ ನವೆಂಬರ್‌ನಲ್ಲಿ ರಾಜ್ಯವೆಲ್ಲ ನೆನೆದು ತೊಪ್ಪೆಯಾಗಿದ್ದಾಗ ಕೊಯ್ದ ರಾಗಿ ಮೊಳಕೆ ಬಂದದ್ದನ್ನು ಎಲ್ಲರೂ ನೋಡಿದರು. ಕಬ್ಬು ಹಸಿರಾಗಿ ನಿಂತಿತ್ತಲ್ಲ, ಅದಕ್ಕೇನಾಯಿತು ಎಂದು ಯಾರೂ ಕೇಳಲಿಲ್ಲ.

ಹಸಿರಾಗಿ ನಿಂತದ್ದೇ ತೊಂದರೆ. ಕಬ್ಬು ಹಣ್ಣಾಗಬೇಕಾದರೆ ಕಟಾವಿಗೆ ಎರಡು ಮೂರು ವಾರ ಮುಂಚೆ ನೀರು ಕಟ್ಟುವುದನ್ನು ನಿಲ್ಲಿಸಬೇಕು. ಹಗಲು ಬಿಸಿಲು, ರಾತ್ರಿ ಚಳಿ ಸಿಕ್ಕರೆ ಬೆಳವಣಿಗೆ ನಿಂತು ಸಕ್ಕರೆ ಜಲ್ಲೆಯಲ್ಲಿ ಇಳಿಯುತ್ತದೆ. ನಾವು ನಾಲೆ ತೂಬು ಮುಚ್ಚಬಹುದು, ಮೋಡ ಮುಚ್ಚಲು ಆಗುತ್ತದೆಯೇ? ಬುಡದ ಗೆಣ್ಣು ಸಿಹಿ, ತುದಿ ಸಪ್ಪೆ. ಬ್ರಿಕ್ಸ್ ಮೀಟರ್‌ನಲ್ಲಿ ಬುಡ, ನಡು, ತುದಿ ಮೂರರ ರಸ ಬಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ತಡವಾಗಿ ಯೂರಿಯಾ ಹಾಕಿದ ಗದ್ದೆಯಲ್ಲಂತೂ ಹೊಸ ಮರಿ ಹೊಡೆಯುತ್ತಲೇ ಇರುತ್ತದೆ. ನಾಟಿಯಾದ ನಾಲ್ಕು ತಿಂಗಳೊಳಗೆ ಯೂರಿಯಾ ಮುಗಿಸಬೇಕು ಎಂದು ಹೇಳುವುದು ಸುಮ್ಮನೆ ಅಲ್ಲ.

ಆಮೇಲೆ ಮಲಗುವ ಕಬ್ಬು. ಮಣ್ಣು ಮೆತ್ತಗಾಗಿ ಗಾಳಿ ಬೀಸಿದರೆ ಎತ್ತರದ ಜಲ್ಲೆ ಬುಡಸಮೇತ ವಾಲುತ್ತದೆ. ನೆಲ ಮುಟ್ಟಿದ ಗೆಣ್ಣಿನಲ್ಲಿ ಬೇರು, ಕಣ್ಣಿನಲ್ಲಿ ಚಿಗುರು. ಕೂಡಿಟ್ಟ ಸಕ್ಕರೆಯನ್ನು ಕಬ್ಬು ತಾನೇ ತಿನ್ನಲು ಶುರು ಮಾಡುತ್ತದೆ. ಉಳಿದದ್ದು ಹೆಗ್ಗಣ, ಹಂದಿಗೆ. ಇದಕ್ಕೆ ಮದ್ದು ಅಕ್ಟೋಬರ್‌ನಲ್ಲಿ ಇಲ್ಲ. ಮೂರು ನಾಲ್ಕು ತಿಂಗಳ ಪೈರಿಗೆ ಬೋದು ಎತ್ತರಕ್ಕೆ ಏರಿಸಿದ್ದರೆ, ಒಣ ತರಗು ಬಿಡಿಸಿ ಎರಡು ಸಾಲಿನ ಜಲ್ಲೆಗಳನ್ನು ಒಂದಕ್ಕೊಂದು ಆನಿಸಿ ಕಟ್ಟಿದ್ದರೆ ಮಾತ್ರ ನಿಲ್ಲುತ್ತದೆ. ಆಳು ಸಿಗುವುದಿಲ್ಲ ಎಂದು ಈಚೆಗೆ ಕಟ್ಟುವ ಕೆಲಸವನ್ನು ಬಹಳ ಜನ ಬಿಟ್ಟೇಬಿಟ್ಟಿದ್ದಾರೆ. ಬೋದು ಏರಿಸುವುದನ್ನಾದರೂ ಬಿಡಬಾರದು.

ಇನ್ನು ಕಟಾವು. 2021ರ ಆ ಮಳೆಯಲ್ಲಿ ತಮ್ಮ ಫೋನ್ ಮಾಡಿದ್ದ: “ಅಕ್ಕ, ಪರ್ಮಿಟ್ ಬಂದದೆ, ಗ್ಯಾಂಗೂ ಬಂದು ಕೂತದೆ. ಇವತ್ತು ಬ್ಯಾಡ ಅಂದ್ರೆ ಇನ್ನ್ಯಾವಾಗ ಬಂದಾರು?” ಅವನ ಮಾತಿಗೆ ಎದುರು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಕಬ್ಬು ಕಡಿಯುವ ಗ್ಯಾಂಗು ಕೈತಪ್ಪಿದರೆ ಮತ್ತೆ ಸರದಿ ಬರುವುದು ಯಾವಾಗಲೋ. ಎರೆಮಣ್ಣಿನೊಳಗೆ ಟ್ರ್ಯಾಕ್ಟರ್ ಇಳಿಸಿದರು. ತುಂಬಿದ ಟ್ರೇಲರ್ ಹೂತಿತು, ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತಂದರು, ಅದು ಇನ್ನೊಂದು ಜಾಡು ಮಾಡಿತು. ಕಡಿದ ಕಬ್ಬು ಮಳೆಯಲ್ಲೇ ಬಿದ್ದಿತ್ತು. ಕಡಿದ ಒಂದು ದಿನದೊಳಗೆ ಅರೆದರೆ ಒಳ್ಳೆಯದು. ತಡವಾದಷ್ಟೂ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅದು ಹರಳುಗಟ್ಟುವುದಿಲ್ಲ. ಒದ್ದೆ ರಾಶಿಯಲ್ಲಿ ಬ್ಯಾಕ್ಟೀರಿಯಾ ಸೇರಿ ರಸವನ್ನು ಲೋಳೆ ಮಾಡುತ್ತದೆ. ಆಲೆಮನೆಯವರಿಗೆ ಇದು ಚೆನ್ನಾಗಿ ಗೊತ್ತು, ಅಂಥ ರಸದ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ.

ಅದೇ ದಿನಗಳಲ್ಲಿ ನಂಜನಗೂಡಿನ ಕಡೆಯ ನಮ್ಮ ಕೆಂಪು ನೆಲದಲ್ಲೂ ಕಟಾವು ಇತ್ತು. ಟ್ರ್ಯಾಕ್ಟರನ್ನು ರಸ್ತೆಯಲ್ಲೇ ನಿಲ್ಲಿಸಿ ಹೊರೆ ಹೊರಿಸಿದೆವು. ಗ್ಯಾಂಗಿಗೆ ಮೇಲೆ ದುಡ್ಡು ಕೊಡಬೇಕಾಯಿತು, ಮನೆಯಲ್ಲಿ ಮುಖ ಸಪ್ಪಗಾಯಿತು. ಕೆಂಪು ನೆಲ ಬೇಗ ಬಸಿಯುತ್ತದೆ ಎಂಬ ಅನುಕೂಲವೂ ಇತ್ತೆನ್ನಿ. ಮುಂದಿನ ವರ್ಷ ನಮ್ಮ ಕೂಳೆ ಸಾಲು ಹಿಡಿದಂತೆ ಬಂತು. ತಮ್ಮನ ಗದ್ದೆಯಲ್ಲಿ ಚಕ್ರ ಓಡಿದಲ್ಲೆಲ್ಲ ಬುಡ ಸತ್ತು, ಉಳಿದ ಕಡೆ ಚಿಗುರು ಹಳದಿಯಿಂದ ಬೆಳ್ಳಗೆ ತಿರುಗಿತ್ತು. ಗಟ್ಟಿಯಾದ, ಗಾಳಿಯಾಡದ ಎರೆಮಣ್ಣಿನಲ್ಲಿ ಕೂಳೆಗೆ ಕಬ್ಬಿಣದ ಅಂಶ ಸಿಗದಿದ್ದರೆ ಹೀಗಾಗುತ್ತದೆ. ಲೀಟರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಎಲೆಗೆ ಹೊಡೆದರೆ ಹಸಿರು ಮರಳುತ್ತದೆ, ಒಂದು ಸಲಕ್ಕೆ ಮುಗಿಯದು. ಸತ್ತ ಬುಡ ಮರಳುವುದಿಲ್ಲ. ಅಲ್ಲಿ ಒಂಟಿ ಕಣ್ಣಿನ ಸಸಿ ತಂದು ನೆಡಬೇಕು, ಅದೂ ಬೇಗ. ತಡವಾಗಿ ನೆಟ್ಟ ಸಸಿಯನ್ನು ಅಕ್ಕಪಕ್ಕದ ಕೂಳೆ ನೆರಳಲ್ಲೇ ಮುಗಿಸಿಬಿಡುತ್ತದೆ.

ಯುರೋಪಿನ ಸಕ್ಕರೆ ಬೀಟ್ ಬೆಳೆಗಾರರೂ ಇದೇ ತಿಂಗಳುಗಳಲ್ಲಿ ಆಕಾಶ ನೋಡುತ್ತಾ ಕೂರುತ್ತಾರೆ. ಅಲ್ಲಿ ಗೆಡ್ಡೆ ಕೀಳುವ ಯಂತ್ರಗಳು ನಮ್ಮ ಟ್ರ್ಯಾಕ್ಟರ್‌ಗಿಂತ ಎಷ್ಟೋ ಪಟ್ಟು ಭಾರ, ಗೆಡ್ಡೆಗೆ ಮೆತ್ತಿದ ಮಣ್ಣಿನ ತೂಕವನ್ನು ಕಾರ್ಖಾನೆಯಲ್ಲಿ ಕಳೆಯುತ್ತಾರೆ. ನಮ್ಮ ದೇಶದಲ್ಲೂ ರಾಜಸ್ಥಾನದ ಶ್ರೀಗಂಗಾನಗರದ ಕಾರ್ಖಾನೆ ಬೀಟ್‌ನಿಂದ ಸಕ್ಕರೆ ತೆಗೆದದ್ದುಂಟು. ಆದರೆ ಬೀಟ್ ಕಿತ್ತವನು ನೆಲ ಆರಿದ ಮೇಲೆ ನೇಗಿಲು ಹಾಕಿ ಗಾಯ ಮುಚ್ಚಬಹುದು. ಕಬ್ಬಿನ ಬುಡ ಅದೇ ತುಳಿದ ಮಣ್ಣಿನಲ್ಲಿ ಇನ್ನೂ ಒಂದೆರಡು ವರ್ಷ ಉಸಿರಾಡಬೇಕು. ಕೂಳೆ ಚೆನ್ನಾಗಿ ಬರುತ್ತದೆಂದೇ ಜನ ಕೋ 86032 ಹಾಕುತ್ತಾರೆ. ತಳಿಯ ಆ ಗುಣವನ್ನು ಟ್ರೇಲರ್ ಚಕ್ರದ ಕೆಳಗೆ ಹಾಕಿದ ಮೇಲೆ ತಳಿಯನ್ನು ಬೈದು ಏನು ಬಂತು?

ಬೆಲೆಯ ನಿಯಮವೂ ನಮ್ಮನ್ನು ಅವಸರಕ್ಕೇ ದೂಡುತ್ತದೆ. ಕೇಂದ್ರ ಸರ್ಕಾರ 2025–26ಕ್ಕೆ ಶೇ 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ ಗೊತ್ತು ಮಾಡಿತ್ತು, ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆಯಾದರೆ 3,290.50. ಈ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ಒಬ್ಬ ರೈತ ಒಣಗಿಸಿ, ಹಣ್ಣು ಮಾಡಿ, ಸೋಗೆ ತರಗು ತೆಗೆದು ಕೊಟ್ಟರೂ ಪಕ್ಕದವನ ಸಪ್ಪೆ ಕಬ್ಬಿಗೆ ಬಂದಷ್ಟೇ ಬೆಲೆ. ಕಾಯ್ದವನಿಗೆ ಬಹುಮಾನವಿಲ್ಲದ ಮೇಲೆ ಯಾರು ಕಾಯುತ್ತಾರೆ? ಕಬ್ಬು ಬೆಳೆಗಾರರ ಸಂಘಗಳು ದರಕ್ಕೆ ಹೋರಾಡಿದಷ್ಟೇ ಗಟ್ಟಿಯಾಗಿ ಈ ಪ್ರಶ್ನೆಯನ್ನೂ ಎತ್ತಬೇಕೆಂದು ನನಗೆ ಅನ್ನಿಸುತ್ತದೆ.

ಈಗ ನಾವು ಎರಡೂ ಕಡೆ ಮಾಡುವುದಿಷ್ಟು. ಎರೆಭೂಮಿಯ ಕಬ್ಬು ಹಿಂಗಾರು ಮುಗಿದ ಮೇಲೆ, ಡಿಸೆಂಬರ್ ಆಚೆಗೆ ಕಟಾವಿಗೆ ಬರುವಂತೆ ನಾಟಿ ತಿಂಗಳು ನೋಡಿಕೊಳ್ಳುತ್ತೇವೆ. ಕೆಂಪು ನೆಲದ್ದು ಮೊದಲು ಹೋಗಲಿ. ಸಾಲಿನ ಅಂತರ ಐದು ಅಡಿ, ಗದ್ದೆ ನಡುವೆ ಗಾಡಿ ದಾರಿಯೊಂದು ಖಾಲಿ. ಮಳೆ ಹಿಡಿದರೆ ಆ ದಾರಿ ಬಿಟ್ಟು ಚಕ್ರ ಆಚೀಚೆ ಹೋಗಕೂಡದು. ಕಡಿಯುವವರಿಗೆ ನೆಲಸಮ ಕಡಿಯಲು ಹೇಳುತ್ತೇವೆ, ಮೇಲೆ ಬಿಟ್ಟ ಮೋಟಿನಿಂದ ಬರುವ ಚಿಗುರಿಗೆ ಬೇರಿನ ಬಲ ಇರುವುದಿಲ್ಲ. ಮಣ್ಣು ಹದಕ್ಕೆ ಬರುವವರೆಗೆ ಕೂಳೆಯ ಬಗಲು ಒಡೆಯುವುದಿಲ್ಲ. ಒಡೆದ ಮೇಲೆ ನಾಟಿ ಕಬ್ಬಿಗಿಂತ ಕಾಲು ಭಾಗ ಹೆಚ್ಚು ಸಾರಜನಕ ಕೊಡುತ್ತೇವೆ.

ಒಂದು ಕೆಲಸ ಮಾತ್ರ ಒಬ್ಬರಿಂದ ಆಗುವುದಲ್ಲ. ನನ್ನ ಗದ್ದೆಯ ಬಸಿನೀರು ಪಕ್ಕದ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ ಹೋಗಬೇಕು. ನಾಲೆ ಕೆಳಗಿನ ಊರುಗಳಲ್ಲಿ ಬಸಿಗಾಲುವೆಗಳು ಜೊಂಡು ತುಂಬಿ ಮುಚ್ಚಿವೆ, ಕೆಲವನ್ನು ಬದು ಒತ್ತಿ ಗದ್ದೆಗೇ ಸೇರಿಸಿಕೊಂಡಾಗಿದೆ. ನಾಲೆಗೆ ನೀರು ಬಿಡುವುದು ತಡವಾದರೆ ರಸ್ತೆಗಿಳಿಯುವ ನಾವು, ನೀರು ಹೊರಗೆ ಹೋಗಲು ದಾರಿಯಿಲ್ಲದಾಗ ಸುಮ್ಮನಿರುತ್ತೇವೆ. ಬೇಸಿಗೆಯಲ್ಲಿ ನಾಲೆ ಒಣಗಿರುವಾಗಲೇ ಅಕ್ಕಪಕ್ಕದ ಗದ್ದೆಯವರು ಸೇರಿ, ಪಂಚಾಯಿತಿಯನ್ನೂ ನೀರಾವರಿ ಇಲಾಖೆಯನ್ನೂ ಕರೆಸಿ, ತಮ್ಮೂರಿನ ಬಸಿಗಾಲುವೆಯನ್ನು ಹಳ್ಳದವರೆಗೆ ಒಮ್ಮೆ ನಡೆದು ನೋಡಿ, ಮುಂಗಾರಿಗೆ ಮುಂಚೆ ಬಿಡಿಸಿಕೊಳ್ಳಿ.