ಹಳೆಯ ಕಾರಿನ ಬ್ರೇಕು

ಓಡುವ ವಾಹನವನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದು. 1100 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತಾಗ ಹುಟ್ಟುವ ಉಷ್ಣವು ಸುಮಾರು ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ವೇಗ ಇಮ್ಮಡಿಯಾದರೆ ಉಷ್ಣವು ನಾಲ್ಮಡಿಯಾಗುತ್ತದೆ. ಇದರ ಬಹುಭಾಗವನ್ನು ಕೆಲವೇ ಕ್ಷಣಗಳಲ್ಲಿ ತಾಳಿಕೊಳ್ಳಬೇಕಾದವು ಬ್ರೇಕಿನ ಭಾಗಗಳು.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯೊಂದರ ಮುಂದೆ ಹಳೆಯ ಅಂಬಾಸಿಡರ್ ಕಾರು ನಿಂತಿದೆ ಎಂದಿಟ್ಟುಕೊಳ್ಳಬಹುದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಆದರೆ ಅದನ್ನು ಮಮತೆಯಿಂದ ಕಾಪಾಡಿಕೊಂಡವರು ಇದ್ದಾರೆ. ಇದರ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳೇ ಇದ್ದವು. ಪೆಡಲನ್ನು ತುಳಿದಾಗ ಬ್ರೇಕ್ ದ್ರವದ ಒತ್ತಡವು ಚಕ್ರದೊಳಗಿನ ಸಿಲಿಂಡರಿಗೆ ಮುಟ್ಟಿ, ಅರ್ಧಚಂದ್ರಾಕಾರದ ಎರಡು ಷೂಗಳನ್ನು ಹೊರಕ್ಕೆ ತಳ್ಳುತ್ತದೆ. ಷೂಗಳ ಮೇಲಿನ ಲೈನಿಂಗ್ ತಿರುಗುವ ಡ್ರಮ್ಮನ್ನು ಒಳಗಿನಿಂದ ಉಜ್ಜಿ ಹಿಡಿಯುತ್ತದೆ.

ಈ ಕಾರು ಬ್ರೇಕ್ ಒತ್ತಿದಾಗ ಬಲಕ್ಕೆ ಎಳೆಯುತ್ತದೆ. ದೋಷ ಬಲಗಡೆಯದೆಂದು ತೋರಬಹುದು. ಅನೇಕ ವೇಳೆ ಅದು ಎಡಗಡೆಯದು. ಎಡಚಕ್ರದ ಹಿಡಿತ ಕುಗ್ಗಿರುವುದರಿಂದ ಬಲಚಕ್ರವು ಕಾರನ್ನು ತನ್ನತ್ತ ತಿರುಗಿಸುತ್ತದೆ.

ಕಾರನ್ನು ಕೇವಲ ಜಾಕಿನ ಮೇಲೆ ಬಿಡದೆ ಗಟ್ಟಿಯಾದ ಆಧಾರದ ಮೇಲೆ ನಿಲ್ಲಿಸಿದ ಬಳಿಕ ಡ್ರಮ್ಮನ್ನು ಕಳಚಲಾಗುತ್ತದೆ. ಅದು ಎರಕದ ಕಬ್ಬಿಣ. ಸುತ್ತಿಗೆಯ ಪೆಟ್ಟಿಗೆ ಬಿರುಕು ಬಿಡಬಹುದು. ಒಳಗೆ ಕಪ್ಪು ಧೂಳು ತುಂಬಿರುತ್ತದೆ. ಹಿಂದೆ ಇದನ್ನು ಬಾಯಿಂದಲೋ ಗಾಳಿಯ ಕೊಳವೆಯಿಂದಲೋ ಊದಿ ಹಾರಿಸುವ ರೂಢಿಯಿತ್ತು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಸೇರಿದರೆ ದಶಕಗಳ ಅನಂತರವೂ ಕ್ಯಾನ್ಸರ್ ತಲೆದೋರಬಹುದು. ಎಷ್ಟೋ ಮಂದಿ ಮೆಕ್ಯಾನಿಕರು ಇದನ್ನರಿಯದೆ ಆ ಧೂಳನ್ನು ಉಸಿರಾಡಿದರು. ಆದುದರಿಂದ ಧೂಳನ್ನು ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಿಡಬೇಕು.

ಎಡಗಡೆಯ ಲೈನಿಂಗ್ ಜಿಡ್ಡಿನಿಂದ ತೋಯ್ದಿದ್ದರೆ ಅದರ ಮೂಲವನ್ನು ಹುಡುಕಬೇಕು. ಸಿಲಿಂಡರಿನ ರಬ್ಬರು ಸವೆದು ದ್ರವ ಸೋರಿರಬಹುದು. ಹಬ್ಬಿನ ಸೀಲು ಹರಿದು ಗ್ರೀಸು ಒಳನುಗ್ಗಿರಬಹುದು. ಮೂಲವನ್ನು ಸರಿಪಡಿಸದೆ ಲೈನಿಂಗನ್ನು ಮಾತ್ರ ಬದಲಿಸಿದರೆ ಹೊಸದೂ ಹಾಳಾಗುತ್ತದೆ. ಬದಲಿಸುವಾಗ ಎಡಬಲಗಳೆರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಹಿಡಿತ ಸಮವಾಗದು. ಗೀರು ಬಿದ್ದ ಡ್ರಮ್ಮನ್ನು ಲೇತಿನಲ್ಲಿ ನುಣುಪುಗೊಳಿಸಬಹುದು, ಆದರೆ ತಯಾರಕರು ನಿಗದಿಪಡಿಸಿದ ಮಿತಿಯನ್ನು ಮೀರಬಾರದು. ತೆಳುವಾದ ಡ್ರಮ್ ಬೇಗ ಕಾಯುತ್ತದೆ. ಲೇತ್ ಈ ಪ್ರದೇಶಕ್ಕೆ ಹೊಸದಲ್ಲ. 1941ರಲ್ಲಿ ಸ್ಥಾಪಿತವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು, ಮುಚ್ಚುವ ಮುನ್ನ, ದಶಕಗಳ ಕಾಲ ಲೇತುಗಳನ್ನು ತಯಾರಿಸಿತು.

ಹಬ್ಬಿನ ಬೇರಿಂಗನ್ನು ತೊಳೆದು, ಹೊಸ ಗ್ರೀಸು ತುಂಬಿ ಕೂರಿಸಲಾಗುತ್ತದೆ. ನಟ್ಟು ಅತಿ ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಚಕ್ರ ಅಲುಗಾಡುತ್ತದೆ. ನಟ್ಟನ್ನು ಕಾಯುವ ಸ್ಪ್ಲಿಟ್ ಪಿನ್ನಿನ ಬೆಲೆ ಅತ್ಯಲ್ಪ. ಹಳೆಯದನ್ನೇ ಮತ್ತೆ ಹಾಕುವುದು ಜಿಪುಣತನವಲ್ಲ, ಅವಿವೇಕ. ಕೊನೆಗೆ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರಹಾಕಬೇಕು. ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಗಾಳಿ ಉಳಿದರೆ ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ.

ಪರೀಕ್ಷೆಯನ್ನು ನಿರ್ಜನ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ನಡೆಸಬೇಕು. ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ, ಮುಟ್ಟದೆ, ಪ್ರತಿಯೊಂದು ಚಕ್ರದ ಸಮೀಪ ಅಂಗೈ ಹಿಡಿದು ನೋಡಬೇಕು. ಒಂದು ಚಕ್ರವು ತನ್ನ ಜೊತೆಯ ಚಕ್ರಕ್ಕಿಂತ ಹೆಚ್ಚು ಕಾದಿದ್ದರೆ ಅದನ್ನು ಮತ್ತೆ ಬಿಚ್ಚಬೇಕಾಗುತ್ತದೆ.